ಕೊಸರಿನ ಬಟ್ಟಲು

ಹಾಲಕ್ಕನಿಗೆ ಹೆಸರಿರಲಿಲ್ಲವೆಂದಲ್ಲ. ಇತ್ತು. ಆದರೆ ಯಾರಾದರೂ ಆ ಹೆಸರು ಹಿಡಿದು ಕೂಗಿದ್ದರೆ ಅವಳೇ ತಿರುಗಿ ನೋಡುತ್ತಿದ್ದಳೋ ಇಲ್ಲವೋ, ಅನುಮಾನ. ನಾಲ್ಕು ಬೀದಿಗಳ ಮೂವತ್ತು ಮನೆಗೆ ಅವಳು ಹಾಲಕ್ಕ, ಅಷ್ಟೆ. ಬೆಳಗಾಗುತ್ತಲೇ ನಾಲ್ಕು ಹಸುಗಳ ಹಾಲು ಕರೆದು, ಕ್ಯಾನಿಗೆ ತುಂಬಿ, ಸೈಕಲ್ಲಿನ ಹಿಂದೆ ಬಿಗಿದು ಹೊರಟಳೆಂದರೆ ಬಿಸಿಲೇರುವ ಹೊತ್ತಿಗೆ ವಾಪಸ್ಸು. ಸೈಕಲ್ ತುಳಿಯುವುದು ಅವಳಿಗೆ ಬರುತ್ತಿರಲಿಲ್ಲ. ಆರು ವರ್ಷದಿಂದ ತಳ್ಳಿಕೊಂಡೇ ತಿರುಗುತ್ತಿದ್ದಳು. ಕಲಿಯಬಾರದೇ ಎಂದು ಯಾರಾದರೂ ಕೇಳಿದರೆ, "ತುಳಿಯೋರು ಹೋದ್ರು, ತಳ್ಳೋಳು ಉಳ್ಕೊಂಡೆ" ಎಂದು ನಕ್ಕುಬಿಡುತ್ತಿದ್ದಳು. ಕೇಳಿದವರೇ ಪಾತ್ರೆ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದರು.

ಸೈಕಲ್ಲು ಗಂಡನದು. ಕ್ಯಾನಿಗೆ ನೇತುಹಾಕಿದ ತಗಡಿನ ಅಳತೆಯೂ ಗಂಡನದೇ. ಅಸಲಿಗೆ ಅದು ಗಂಡನ ಅಪ್ಪನದು. ಅರ್ಧ ಸೇರಿನ ಅಳತೆ, ಅಂಚಿನ ಮೇಲೆ ಸರ್ಕಾರದ ಸೀಸದ ಮುದ್ರೆ, ಹಿಡಿಯ ಮೇಲೆ ಮಾವ ಮೊಳೆಯಲ್ಲಿ ಗೀಚಿದ ಎರಡು ಗೀಟು. ಮಾವನ ಕೈಯಿಂದ ಮಗನ ಕೈಗೆ, ಮಗನ ಕೈಯಿಂದ ಸೊಸೆಯ ಕೈಗೆ ಬಂದ ಅಳತೆ.

ಅವಳ ಗಂಡನನ್ನು ಜನ ಕೊಸರಣ್ಣ ಎಂದೇ ಕರೆಯುತ್ತಿದ್ದರು. ಹಾಲು ಮಾರುವವರು ಕೊಸರು ಹಾಕುವುದೇನೂ ಹೊಸದಲ್ಲ ಬಿಡಿ. ಅಳೆದು ಹಾಕಿದ ಮೇಲೆ ಗಿರಾಕಿಯ ಮುಖ ನೋಡಿ ಒಂದಿಷ್ಟು ಚೆಲ್ಲುತ್ತಾರೆ, ಮುಖ ಸರಿಯಿಲ್ಲದಿದ್ದರೆ ಅದೂ ಇಲ್ಲ. ಆದರೆ ಈ ಮನುಷ್ಯನ ಕೊಸರೇ ಬೇರೆ. ಅದಕ್ಕೆಂದೇ ಹೆಬ್ಬೆರಳಿನ ಎತ್ತರದ ಒಂದು ತಗಡಿನ ಬಟ್ಟಲು ಇಟ್ಟುಕೊಂಡಿದ್ದ. ಮದುವೆಯಾದ ಎರಡನೇ ವರ್ಷ ಎಲ್ಲಿಂದಲೋ ಮಾಡಿಸಿಕೊಂಡು ಬಂದದ್ದು. ಅರ್ಧ ಸೇರು ಹಾಕಿದರೆ ಒಂದು ಬಟ್ಟಲು, ಒಂದು ಸೇರು ಹಾಕಿದರೆ ಎರಡು. ಅದನ್ನಾದರೂ ಧಾರಾಳವಾಗಿ ಸುರಿಯುತ್ತಿದ್ದನೇ? ಊಹೂಂ. ಅಂಚಿನವರೆಗೆ ತುಂಬಿ, ಒಂದು ಹನಿ ತುಳುಕದ ಹಾಗೆ ಹಿಡಿದು, ಔಷಧಿ ಕುಡಿಸುವವನ ಹಾಗೆ ಬಗ್ಗಿಸುತ್ತಿದ್ದ. ಜಗಳ ಆಡಿದವರಿಗೂ ಅಷ್ಟೇ, ಜೀವದ ಗೆಳೆಯರಿಗೂ ಅಷ್ಟೇ. "ಏನಪ್ಪಾ, ಪುಕ್ಕಟೆ ಕೊಡೋದನ್ನೂ ಅಳೆದು ಕೊಡ್ತೀಯಲ್ಲ, ನಿನ್ನಂಥ ಜಿಪುಣ ದಾನಿ ಇನ್ನೊಬ್ಬ ಇಲ್ಲ" ಎಂದು ಟೀ ಅಂಗಡಿಯವನು ದಿನಾ ಕಾಲೆಳೆಯುತ್ತಿದ್ದ.

ಹಾಲಕ್ಕನಿಗೆ ಈ ಬಟ್ಟಲು ಕಂಡರೆ ಆಗುತ್ತಿರಲಿಲ್ಲ. "ಮೂವತ್ತು ಮನೆಗೆ ಮೂವತ್ತು ಬಟ್ಟಲು! ಕೊನೇ ಮನೆಗೆ ಹೋಗೋ ಹೊತ್ತಿಗೆ ಕ್ಯಾನು ಖಾಲಿ. ನಮ್ಮ ಕೂಸಿಗೆ ಅಂತ ಒಂದು ಲೋಟ ಉಳಿಯುತ್ತಾ? ಊರು ಸಾಕೋಕೆ ಹೊರಟಿದ್ದೀರಾ?" ಎಂದು ಹಾಯುತ್ತಿದ್ದಳು.

"ಅದು ಅವರದೇ ಹಾಲು ಕಣೇ," ಎನ್ನುತ್ತಿದ್ದ ಅವನು.

"ಓಹೋ! ಹುಲ್ಲು ನಾನು ಕೊಯ್ಯೋದು, ಸಗಣಿ ನಾನು ಬಾಚೋದು, ಹಾಲು ಅವರದು!"

ಅವನು ನಗುತ್ತಿದ್ದ. ಜಾಸ್ತಿ ಮಾತಿನ ಗಂಡಸಲ್ಲ. ನಕ್ಕು, ಬಟ್ಟಲನ್ನು ತೊಳೆದು, ಕೊಕ್ಕೆಗೆ ಸಿಕ್ಕಿಸಿ ಮಲಗಿಬಿಡುತ್ತಿದ್ದ.

ಆರು ವರ್ಷದ ಹಿಂದೆ ಮೂರು ದಿನದ ಜ್ವರದಲ್ಲಿ ಅವನು ಹೋದ. ಹನ್ನೆರಡನೆಯ ದಿನ ಹಾಲಕ್ಕ ಸೈಕಲ್ಲಿಗೆ ಕ್ಯಾನು ಬಿಗಿದಳು. ಬಿಗಿಯುವಾಗ ಆ ಬಟ್ಟಲನ್ನು ಕೊಕ್ಕೆಯಿಂದ ಬಿಚ್ಚಿ ಕಿಟಕಿಯ ಮೇಲಿಟ್ಟಳು. ಗಂಡ ಇದ್ದಾಗ ಊರಿಗೆಲ್ಲ ಹಂಚಿದ್ದಾಯಿತು, ಇನ್ನು ನನಗೆ ಆ ಶೋಕಿ ಬೇಡ ಎಂದುಕೊಂಡಳು. ಬೀದಿಯವರು ಒಂದು ಮಾತೂ ಆಡಲಿಲ್ಲ. ಪಾಪ, ಒಂಟಿ ಹೆಂಗಸು, ಕೊಸರು ಕೇಳುವುದು ಸರಿಯಲ್ಲ ಎಂದು ಸುಮ್ಮನಾದರು. ಬಟ್ಟಲಿಗೆ ಮಗಳು ತನ್ನ ಹೇರ್‌ಪಿನ್ನುಗಳನ್ನು ತುಂಬಿಕೊಂಡಳು.

ಹೀಗೆ ನಡೆಯುತ್ತಿರುವಾಗ ಸರ್ಕಾರಕ್ಕೆ ಲೀಟರಿನ ಹುಚ್ಚು ಹಿಡಿಯಿತು. ಬರುವ ತಿಂಗಳ ಒಂದನೇ ತಾರೀಖಿನಿಂದ ಸೇರು, ಪಾವು ಎಲ್ಲ ಬಂದ್, ಏನಿದ್ದರೂ ಲೀಟರು, ಮಿಲಿಲೀಟರು ಎಂದು ಅಳತೆ ಕಚೇರಿಯ ಗೋಡೆಯ ಮೇಲೆ ಪಟ್ಟಿ ಅಂಟಿಸಿದರು. ಒಂದು ಸೇರಿಗೆ ಒಂಬೈನೂರ ಮೂವತ್ತಮೂರು ಮಿಲಿಲೀಟರು. ಅರ್ಧ ಸೇರಿಗೆ ನಾನೂರ ಅರವತ್ತಾರು ಚಿಲ್ಲರೆ. ಪಾವಿಗೆ ಇನ್ನೂರ ಮೂವತ್ತಮೂರು. ಜನರ ತಲೆ ಕೆಟ್ಟು ಹೋಯಿತು. ರಿಟೈರಾದ ಪೋಸ್ಟ್‌ಮ್ಯಾನ್ ತಾತನಂತೂ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು, "ನೋಡು ತಾಯಿ, ನನ್ನ ಹೊಟ್ಟೆ ಪಾವಿನದು. ಅದಕ್ಕೆ ಮಿಲಿಲೀಟರ್ ಅರ್ಥ ಆಗಲ್ಲ. ಇನ್ನೂರೈವತ್ತು ಕುಡಿದು ಮಿಕ್ಕಿದ್ದಕ್ಕೆ ಹೊಟ್ಟೆ ನೊಂದ್ರೆ ಸರ್ಕಾರ ಬರುತ್ತಾ?" ಎಂದು ಕೇಳಿದ. ಹಾಲಕ್ಕ ತನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಜೊತೆಗೇ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದಳು. ಅರ್ಧ ಸೇರಿನ ಬದಲು ಅರ್ಧ ಲೀಟರು ಹಾಕಿದರೆ ಎಷ್ಟು ಹೆಚ್ಚು ಹೋಗುತ್ತದೆ, ಬೆಲೆ ಹೇಗೆ ತಿದ್ದಬೇಕು, ಎಲ್ಲ ಬೆರಳ ತುದಿಯಲ್ಲಿ.

ಲೆಕ್ಕ ಅವಳೊಬ್ಬಳಿಗೇ ಬರುತ್ತದೆಯೇ? ಮೂಲೆಮನೆಯ ಟೀಚರಮ್ಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವರು. ಹೊಸ ಅಳತೆಯ ಪಾಠಕ್ಕೆಂದು ಶಾಲೆಯಿಂದ ಗೀಟು ಹಾಕಿದ ಗಾಜಿನ ಜಾಡಿ ಮನೆಗೆ ತಂದಿದ್ದರು. ಮೂರು ದಿನ ಬೆಳಗಿನ ಹಾಲನ್ನು ಅದಕ್ಕೆ ಸುರಿದು ನೋಡಿದರು. ನಾಲ್ಕನೆಯ ದಿನ ಹಾಲಕ್ಕ ಬಂದಾಗ, ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ನಾಲ್ಕು ಜನರ ಎದುರಿಗೇ ಕೇಳಿಬಿಟ್ಟರು.

"ಹಾಲಕ್ಕ, ಪಟ್ಟಿ ಪ್ರಕಾರ ನಾನೂರ ಅರವತ್ತಾರು ಇರ್ಬೇಕು. ನಿನ್ನ ಹಾಲು ನಾನೂರ ಮೂವತ್ತಕ್ಕೇ ನಿಂತ್ಹೋಯ್ತಲ್ಲ. ಮೂರು ದಿನ ಅಳೆದೆ, ಮೂರು ದಿನಾನೂ ಅಷ್ಟೇ. ಮಿಕ್ಕಿದ್ದು ಎಲ್ಲಿ ಹೋಯ್ತು?"

"ನಿಮ್ಮ ಜಾಡಿ ಕೇಳಿ," ಎಂದಳು ಹಾಲಕ್ಕ.

"ಜಾಡಿ ಸರಿಯಾಗಿದೆ. ನೀನು ಮೋಸ ಮಾಡೋಳಲ್ಲ, ಅದು ನನಗೆ ಗೊತ್ತು. ಆ ಅಳತೇನೇ ಸರಿಯಿಲ್ಲ. ಅದು ನಿಮ್ಮನೆಯವರ ಕಾಲದ್ದಲ್ವಾ?"

ಹಾಲಕ್ಕನ ಮೈ ಉರಿದುಹೋಯಿತು. ತನ್ನನ್ನು ಕಳ್ಳಿ ಎಂದಿದ್ದರೆ ಎರಡು ಮಾತು ಬೈದು ಮುಂದಿನ ಮನೆಗೆ ಹೋಗುತ್ತಿದ್ದಳು. ಆದರೆ ಬಾಯಿಲ್ಲದ ಸತ್ತ ಗಂಡನ ಮೇಲೆ! ಊರಿಗೆಲ್ಲ ಕೊಸರು ಹಾಕಿದ ಮನುಷ್ಯನ ಮೇಲೆ! "ನೋಡಿ ಟೀಚರಮ್ಮ, ನಿಮ್ಮ ಜಾಡಿ ನಿಮ್ಮ ಶಾಲೇಲಿ ಇಟ್ಕೊಳ್ಳಿ. ಭಾನುವಾರ ಹಳೇ ಅಳತೆಗಳನ್ನ ಕಚೇರಿಗೆ ಒಪ್ಪಿಸೋ ದಿನ. ನೀವೂ ಬನ್ನಿ. ಎಲ್ಲರೂ ಬನ್ನಿ. ಅಲ್ಲೇ ನೀರು ಹಾಕಿ ಅಳೆಸ್ತೀನಿ. ನಮ್ಮನೆಯವರ ಹೆಸರಿಗೆ ಮಸಿ ಬಳಿಯೋರು ಯಾರು ಅಂತ ನಾನೂ ನೋಡ್ತೀನಿ," ಎಂದು ಗಂಟಲು ಹರಿಯುವ ಹಾಗೆ ಕೂಗಿ ಸೈಕಲ್ಲು ತಳ್ಳಿದಳು. ಆ ಸಿಟ್ಟಿನಲ್ಲಿ ಎರಡು ಮನೆ ಬಿಟ್ಟುಹೋಯಿತು. ಮತ್ತೆ ವಾಪಸ್ಸು ಬಂದು ಹಾಕಬೇಕಾಯಿತು.

ಭಾನುವಾರ ಕಚೇರಿಯ ಅಂಗಳದಲ್ಲಿ ಸಂತೆಯಷ್ಟು ಜನ. ಎಣ್ಣೆಯವರು, ಸೀಮೆಎಣ್ಣೆಯವರು, ಕಾಳಿನ ಅಂಗಡಿಯವರು, ಎಲ್ಲರ ಕೈಯಲ್ಲೂ ಹಳೇ ಅಳತೆ. ಒಪ್ಪಿಸಿದ್ದನ್ನು ಒಬ್ಬ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿ ಮೂಲೆಗೆ ಎಸೆಯುತ್ತಿದ್ದ. ಮೇಜಿನ ಹಿಂದೆ ಕುಳಿತು ಪಟ್ಟಿ ಬರೆಯುತ್ತಿದ್ದವನು ಹಾಲಕ್ಕನ ತಮ್ಮ. ಒಡಹುಟ್ಟಿದ ತಮ್ಮ. ಅಳತೆಗಳಿಗೆ ನೀರು ತುಂಬಿ ಪರೀಕ್ಷೆ ಮಾಡುವುದೇ ಅವನ ಕೆಲಸ. ಅಕ್ಕ ಕೊಟ್ಟ ಅಳತೆಯನ್ನು ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ ಬೆರಳ ಗೆಣ್ಣಿನಿಂದ ತಳಕ್ಕೆ ಎರಡು ಸಲ ತಟ್ಟಿದ. ಅವನ ಮುಖ ಸ್ವಲ್ಪ ಬದಲಾಯಿತು.

"ಅಕ್ಕಾ, ಇಟ್ಟು ಹೋಗು. ಹೇಗೂ ಚಪ್ಪಟೆ ಮಾಡ್ತೀವಲ್ಲ," ಎಂದ, ತಗ್ಗಿದ ದನಿಯಲ್ಲಿ.

"ಅಳೆ."

"ಹಳೇದನ್ನ ಅಳೀಬೇಕು ಅಂತ ರೂಲ್ಸೇನೂ ಇಲ್ಲ. ಸುಮ್ನೆ ಯಾಕೆ..."

"ಅಳೆಯೋ ಅಂದೆ! ಎಲ್ಲರ ಎದುರಿಗೂ ಅಳೆ!"

ಟೀಚರಮ್ಮ ಬಂದಿದ್ದರು. ಟೀ ಅಂಗಡಿಯವನು, ಪೋಸ್ಟ್‌ಮ್ಯಾನ್ ತಾತ, ನಲ್ಲಿಯ ಹತ್ತಿರದ ಹೆಂಗಸರು, ಎಲ್ಲ ಬಂದಿದ್ದರು. ತಮ್ಮ ಇನ್ನೊಂದು ಸಲ ಅಕ್ಕನ ಮುಖ ನೋಡಿದ. ಆಮೇಲೆ ಎದ್ದು ನಿಂತು ಅಳತೆಗೆ ಅಂಚು ಮುಟ್ಟುವ ಹಾಗೆ ನೀರು ತುಂಬಿದ. ಗಾಜಿನ ಬಿಲ್ಲೆಯನ್ನು ಬಾಯಿಯ ಮೇಲೆ ಜಾರಿಸಿ ಹೆಚ್ಚಿನ ನೀರು ಸವರಿ ಹಾಕಿದ. ಒಂದು ಹನಿ ಚೆಲ್ಲದೆ ಗೀಟಿನ ಜಾಡಿಗೆ ಸುರಿದ. ನೀರು ಅಲುಗಾಡಿ ನಿಂತಿತು.

ಹಾಲಕ್ಕ ಬಾಯಿಪಾಠ ಮಾಡಿದ್ದ ಅಂಕಿಗಳೇ ಜಾಡಿಯ ಗೀಟುಗಳ ಪಕ್ಕದಲ್ಲಿದ್ದವು. ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ನಾನೂರ ಮೂವತ್ತು.

"ಇನ್ನೊಂದ್ಸಲ ಹಾಕು," ಎಂದಳು. ಹಾಕಿದ. ನಾನೂರ ಮೂವತ್ತೇ. ತಮ್ಮ ಅಳತೆಯನ್ನು ಬೆಳಕಿಗೆ ಓರೆ ಮಾಡಿ ತೋರಿಸಿದ. ಒಳಗೆ, ನಿಜವಾದ ತಳಕ್ಕಿಂತ ಅರ್ಧ ಬೆರಳು ಮೇಲೆ, ಇನ್ನೊಂದು ತಗಡು ಕೂರಿಸಿ ಬೆಸುಗೆ ಹಾಕಿತ್ತು. ಎರಡು ತಳದ ಅಳತೆ.

"ಹಾಂ! ಕೊಸರಣ್ಣ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ತಗೊಂಡ್ನಾ!" ಎಂದು ಟೀ ಅಂಗಡಿಯವನು ನಕ್ಕ. ಒಂದಿಬ್ಬರು ಕಿಸಕ್ಕೆಂದರು. ಟೀಚರಮ್ಮ ಮಾತ್ರ ನಗಲಿಲ್ಲ. "ಬಿಡ್ರೀ, ಹೋದವರ ವಿಷಯ" ಎಂದರು. ಆ ಒಂದು ಮಾತು ನಗುವಿಗಿಂತ ಹೆಚ್ಚು ಚುಚ್ಚಿತು. ಹಾಲಕ್ಕ ತಲೆ ತಗ್ಗಿಸಿಕೊಂಡು ಮನೆಗೆ ಬಂದಳು. ದಾರಿಯಲ್ಲಿ ಯಾರ ಕಣ್ಣೂ ಬೇಡವೆಂದು ದನದ ಕೊಟ್ಟಿಗೆಯ ಹಿಂದಿನ ಓಣಿಯಿಂದ ಬಂದಳು.

ಸಂಜೆ ತಮ್ಮ ಬಂದ. ಕೈಯಲ್ಲಿ ಹೊಸ ಅರ್ಧ ಲೀಟರಿನ ಅಳತೆ, ಹೆಗಲಿಗೆ ಕಚೇರಿಯ ಚೀಲ. ಅಕ್ಕ ಒಲೆ ಹಚ್ಚದೆ ಕುಳಿತಿದ್ದಳು.

"ಭಾವನ ಮೇಲೆ ಸಿಟ್ಟು ಮಾಡ್ಕೋಬೇಡ ಅಕ್ಕ. ಆ ತಳ ಸೋರ್ತಿತ್ತೇನೋ. ತಳಾನೇ ಕಿತ್ತು ಬದಲಾಯಿಸಿದ್ರೆ ಮುದ್ರೆ ರದ್ದಾಗುತ್ತೆ, ಅಳತೆ ಎಸೀಬೇಕು. ಅದಕ್ಕೆ ಮೇಲೊಂದು ತಗಡು ಹಾಕಿಸಿದ್ದಾರೆ."

ಸೋರುತ್ತಿತ್ತು. ಈಗ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಗಂಡನ ಪಂಚೆಯ ತುಂಬ ಹಾಲಿನ ಕಲೆ, ಒಗೆದೂ ಒಗೆದೂ ಸಾಕಾಗುತ್ತಿತ್ತು. ಅಪ್ಪನ ಅಳತೆ ಎಸೆಯಲಾರೆ ಎಂದಿದ್ದ. ಆಮೇಲೆ ಒಂದು ದಿನ ಕಲೆ ನಿಂತುಹೋಯಿತು.

"ಹಂಗಾದ್ರೆ ಗೊತ್ತಿತ್ತು ಅವರಿಗೆ," ಎಂದಳು. "ಕಡಿಮೆ ಹಿಡಿಯುತ್ತೆ ಅಂತ ಗೊತ್ತಿದ್ದೂ ಅದರಲ್ಲೇ ಅಳೆದ್ರು. ಗೊತ್ತಿಲ್ದೆ ಮಾಡಿದ್ರೆ ತಡ್ಕೋತಿದ್ದೆ ಕಣೋ. ಎಂಥ ಮನುಷ್ಯನ ಜೊತೆ ಇದ್ದೆ ನಾನು!" ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟೂ ಬಂತು. ಕಿಟಕಿಯ ಮೇಲೆ ಕೈಗೆ ಸಿಕ್ಕಿದ್ದನ್ನು ಎತ್ತಿ ಗೋಡೆಗೆ ಎಸೆದಳು. ಹೇರ್‌ಪಿನ್ನುಗಳು ಮನೆ ತುಂಬ ಚೆಲ್ಲಾಪಿಲ್ಲಿಯಾದವು. "ಅಮ್ಮಾ, ನನ್ನ ಪಿನ್ನು!" ಎಂದು ಒಳಗಿನಿಂದ ಮಗಳು ಓಡಿಬಂದಳು.

ಬಟ್ಟಲು ಉರುಳಿ ತಮ್ಮನ ಕಾಲ ಹತ್ತಿರ ನಿಂತಿತು. ಅವನು ಎತ್ತಿಕೊಂಡು ತಿರುಗಿಸಿ ನೋಡಿದ. ಚೀಲದಿಂದ ಹಳೇ ಅಳತೆ ತೆಗೆದ. ಅಕ್ಕನ ಮನೆಯದೆಂದು ಅದನ್ನು ಚಪ್ಪಟೆ ಮಾಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಎರಡನ್ನೂ ಪಕ್ಕದಲ್ಲಿ ಹಿಡಿದ. ಅಳತೆಯ ಒಳತಳದ ತಗಡಿನಲ್ಲಿ ಒಂದು ನೀಲಿ ಬಣ್ಣದ ಪಟ್ಟೆಯಿತ್ತು. ಯಾವುದೋ ಬಿಸ್ಕತ್ ಡಬ್ಬಿಯ ತಗಡು. ಬಟ್ಟಲಿನ ಹೊಟ್ಟೆಯ ಮೇಲೂ ಅದೇ ನೀಲಿ ಪಟ್ಟೆ.

"ಒಂದೇ ಡಬ್ಬಿ ಕತ್ತರಿಸಿ ಮಾಡಿದ್ದು ಅಕ್ಕ ಇದು. ಒಂದೇ ದಿನ ಮಾಡಿಸಿದ್ದು," ಎಂದ. ಚೀಲದಿಂದ ಸಣ್ಣ ಗೀಟಿನ ಜಾಡಿ ತೆಗೆದ. ಬಟ್ಟಲಿಗೆ ಅಂಚಿನವರೆಗೆ ನೀರು ತುಂಬಿ ಜಾಡಿಗೆ ಬಗ್ಗಿಸಿದ. ಹಾಲಕ್ಕ ಬಗ್ಗಿ ನೋಡಿದಳು.

ಮೂವತ್ತಾರು.

ಲೆಕ್ಕ ಕೂಡಿಸಿದ್ದು ಮಗಳು. ನೆಲದ ಮೇಲೆ ಪಿನ್ನು ಆರಿಸುತ್ತಲೇ, ಬಾಯಿಪಾಠ ಮಾಡಿದ ಹುಡುಗಿಯಲ್ಲವೇ, "ನಾನೂರ ಮೂವತ್ತು, ಮೂವತ್ತಾರು... ನಾನೂರ ಅರವತ್ತಾರು. ಅರ್ಧ ಸೇರು ಸರಿಯಾಯ್ತಲ್ಲ ಮಾಮ," ಎಂದಳು.

"ಭಾವ ಕೊಸರು ಹಾಕ್ತಿರ್ಲಿಲ್ಲ ಅಕ್ಕ," ಎಂದ ತಮ್ಮ. "ಸರಿ ಮಾಡ್ತಿದ್ರು."

ಹಾಲಕ್ಕ ಗೋಳೋ ಎಂದು ಅತ್ತುಬಿಟ್ಟಳು. ಅತ್ತದ್ದು ಖುಷಿಗೇ. ಗಂಡ ಕಳ್ಳನಲ್ಲ, ಹೆಂಡತಿಯ ಹತ್ತಿರ ಬೈಸಿಕೊಂಡೂ ಊರಿಗೆ ಸರಿಯಾಗಿ ಅಳೆದವನು! ಅದು ಅವರದೇ ಹಾಲು ಕಣೇ ಎಂದು ಬಾಯಿಬಿಟ್ಟು ಹೇಳಿದ್ದನಲ್ಲ, ಎಷ್ಟು ಸಲ ಹೇಳಿದ್ದ! ತಾನೇ ಕಿವಿಗೆ ಹಾಕಿಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟಲನ್ನು ಎದೆಗೆ ಒತ್ತಿಕೊಂಡು, ಕ್ಯಾನಿನ ಕೊಕ್ಕೆಯ ಕಡೆ ನೋಡಿದಳು.

ಕೊಕ್ಕೆಯಿಂದ ಬಟ್ಟಲು ಬಿಚ್ಚಿದವಳು ತಾನು. ಆರು ವರ್ಷದ ಹಿಂದೆ. ಅಂದಿನಿಂದ ಮೂವತ್ತು ಮನೆ, ದಿನಾ.

ತಮ್ಮನಿಗೂ ಅದು ಹೊಳೆದಿತ್ತು. "ನೀನು ಬೇಕು ಅಂತ ಮಾಡಿದ್ದಲ್ಲ. ಯಾರಿಗೂ ಗೊತ್ತಾಗಲ್ಲ. ನಾಳೆಯಿಂದ ಹೊಸ ಅಳತೆ, ಹಳೇದೆಲ್ಲ ಮುಗೀತು. ಜನ ಎರಡು ದಿನ ಭಾವನ ಹೆಸರು ಆಡ್ಕೊಂಡು ಮರೆತುಬಿಡ್ತಾರೆ. ಭಾವ ಏನು ಬಂದು ಕೇಳಿಸ್ಕೋತಾರಾ?"

"ನಾನು ಕೇಳಿಸ್ಕೋತೀನಲ್ಲ," ಎಂದಳು ಹಾಲಕ್ಕ.

ಮೊದಲನೇ ತಾರೀಖು, ಬೆಳಿಗ್ಗೆ. ಕೊಕ್ಕೆಗೆ ಹೊಸ ಅಳತೆ ನೇತುಹಾಕಿದಳು. ಪಕ್ಕದಲ್ಲಿ ಬಟ್ಟಲು. ಬೇರೆ ದಿನ ಮೂಲೆಮನೆ ಹನ್ನೊಂದನೆಯದು, ಇವತ್ತು ಮೊದಲು ಅಲ್ಲಿಗೇ ಹೋದಳು. ನಲ್ಲಿಯ ಹತ್ತಿರ ಜನ ಇದ್ದರು. ಇರಲಿ ಎಂದೇ ಆ ಹೊತ್ತಿಗೆ ಬಂದದ್ದು. ಟೀಚರಮ್ಮ ಪಾತ್ರೆ ಹಿಡಿದು ಬಂದವರು, ಇವಳ ಮುಖ ನೋಡಿ, "ಹಾಲಕ್ಕ, ನಿನ್ನೇದು ಮನಸ್ಸಿಗೆ ಹಚ್ಕೋಬೇಡ. ಹೋದವರ ಸುದ್ದಿ ನಮಗ್ಯಾಕೆ," ಎಂದರು.

"ಹೋದವರ ಸುದ್ದಿ ಬೇಡ ಟೀಚರಮ್ಮ. ಇರೋಳ ಸುದ್ದಿ ಕೇಳಿ," ಎಂದಳು. ದನಿ ನಲ್ಲಿಯವರೆಗೂ ಕೇಳುವಷ್ಟು ಜೋರಾಗಿತ್ತು. "ಅಳತೆ ಕಡಿಮೆ ಅಂತ ನಮ್ಮನೆಯವರಿಗೆ ಗೊತ್ತಿತ್ತು. ಅದನ್ನ ತುಂಬೋಕೇ ಈ ಬಟ್ಟಲು ಮಾಡಿಸಿದ್ರು. ತಮ್ಮ ಅಳೆದು ನೋಡಿದ, ಸರಿಯಾಗಿ ಮೂವತ್ತಾರು. ನೀವೆಲ್ಲ ಕೊಸರು ಅಂದ್ರಿ, ನಾನೂ ಅಂದೆ. ಅವರು ಹೋದ ಮೇಲೆ ಬಟ್ಟಲು ಬಿಚ್ಚಿದೋಳು ನಾನು. ಆರು ವರ್ಷ ನಿಮಗೆ ಕಡಿಮೆ ಅಳೆದಿದ್ದು ನಾನು. ಗೊತ್ತಿಲ್ದೇನೇ ಮಾಡಿದೆ, ಆದ್ರೆ ಮಾಡಿದ್ದು ನಾನೇ. ಬೈಯೋದಿದ್ರೆ ನನ್ನ ಬೈರಿ. ನನ್ನ ಹಾಲು ಬೇಡ ಅನ್ನೋರು ಈಗ್ಲೇ ಹೇಳ್ಬಿಡಿ."

ಬೇಡ ಅಂದವರೂ ಇದ್ದರು, ಸುಳ್ಳೇಕೆ ಹೇಳಲಿ. ಟೀ ಅಂಗಡಿಯವನು ಅಂದೇ ಬೇರೆ ಕಡೆ ಹಾಲು ಹಿಡಿದ. ಎದುರು ಸಾಲಿನ ಎರಡು ಮನೆಯವರು ವಾರದೊಳಗೆ ಬಿಟ್ಟರು. ಪೋಸ್ಟ್‌ಮ್ಯಾನ್ ತಾತ ಮಾತ್ರ ಕೊಡ ಕೆಳಗಿಟ್ಟು, "ಛೇ, ಅವನನ್ನ ಜಿಪುಣ ಅಂತ ನಗ್ತಿದ್ವಲ್ಲ ನಾವು," ಎಂದು ತಲೆಯಾಡಿಸಿದ.

ಟೀಚರಮ್ಮ ಪಾತ್ರೆ ಮುಂದೆ ಹಿಡಿದರು. "ಅರ್ಧ ಲೀಟರ್ ಹಾಕು."

ಹಾಲಕ್ಕ ಹೊಸ ಅಳತೆಯಲ್ಲಿ ಅಂಚು ಮುಟ್ಟುವ ಹಾಗೆ ತುಂಬಿ ಹಾಕಿದಳು. ಹಾಕಿ, ಕೊಕ್ಕೆಯಿಂದ ಬಟ್ಟಲನ್ನು ತೆಗೆದಳು.

"ಇದ್ಯಾಕೆ ಮತ್ತೆ? ಹೊಸ ಅಳತೆ ಸರಿಯಾಗಿದೆಯಲ್ಲಮ್ಮ. ಕೊಸರೇನೂ ಬೇಡ," ಎಂದರು ಟೀಚರಮ್ಮ.

ಹಾಲಕ್ಕ ಬಟ್ಟಲನ್ನು ಅಂಚಿನವರೆಗೆ ತುಂಬಿದಳು. ಒಂದು ಹನಿ ತುಳುಕದ ಹಾಗೆ ಹಿಡಿದು, ನಿಧಾನವಾಗಿ ಪಾತ್ರೆಗೆ ಬಗ್ಗಿಸಿದಳು.

"ಕೊಸರಲ್ಲ ಟೀಚರಮ್ಮ, ನಿಮ್ಮದೇ ಹಾಲು," ಎಂದಳು. "ಬರೋದು ಆರು ವರ್ಷ ತಡ ಆಯ್ತು."